ಗೇರ್‌ಬಾಕ್ಸ್ ದಕ್ಷತೆ: ಎಷ್ಟು ಲೋಡಿನಲ್ಲಿ ಎಂದೂ ಕೇಳಿ

ಮಾನ್ಯರೇ,

ಸಕ್ಕರೆ ಕಾರ್ಖಾನೆಗಳ ಕಬ್ಬು ಅರೆಯುವ ಮಿಲ್‌ಗಳಲ್ಲಿ ಹಳೆಯ ತೆರೆದ ಗೇರುಗಳ ಜಾಗಕ್ಕೆ ಪ್ಲಾನೆಟರಿ ಗೇರ್‌ಬಾಕ್ಸ್‌ಗಳು (ನಡುವಿನ ಗೇರಿನ ಸುತ್ತ ಸಣ್ಣ ಗೇರುಗಳು ಗ್ರಹಗಳಂತೆ ಸುತ್ತುವ, ಮೋಟಾರಿನ ವೇಗ ಇಳಿಸುವ ಪೆಟ್ಟಿಗೆಗಳು) ಬಂದಿವೆ. ಒಳ್ಳೆಯ ಬದಲಾವಣೆಯೇ. ಆದರೆ ಕೊಟೇಶನ್ನಿನಲ್ಲಿ ‘ದಕ್ಷತೆ ಶೇ 96’ ಎಂಬ ಒಂದೇ ಸಾಲು ನೋಡಿ ಆರ್ಡರ್ ಕೊಡಬಾರದು. ಸಾಮಾನ್ಯವಾಗಿ ಅದು ಪೂರ್ಣ ಲೋಡಿನ, ಎಣ್ಣೆ ಬಿಸಿಯಾದ ಮೇಲಿನ ಅಂಕಿ.

ಒಂದು ಹಂತದ ಲೆಕ್ಕ ನೋಡೋಣ. ನಡುವಿನ ಸನ್ ಗೇರಿಗೆ 20 ಹಲ್ಲು, ಅದರ ಸುತ್ತಲಿನ ಮೂರು ಪ್ಲಾನೆಟ್ ಗೇರುಗಳಿಗೆ ತಲಾ 40, ಇವನ್ನು ಸುತ್ತುವರಿದ, ಕದಲದ ರಿಂಗ್ ಗೇರಿಗೆ 100. ಸನ್ ಆರು ಸುತ್ತಿದರೆ ಪ್ಲಾನೆಟ್‌ಗಳನ್ನು ಹಿಡಿದಿರುವ ಚೌಕಟ್ಟು, ಅಂದರೆ ಕ್ಯಾರಿಯರ್, ಒಂದು ಸುತ್ತು. ಸನ್–ಪ್ಲಾನೆಟ್ ಹಲ್ಲುಗಳ ಉಜ್ಜಾಟದಲ್ಲಿ ಶೇ 1, ಪ್ಲಾನೆಟ್–ರಿಂಗ್ ನಡುವೆ ಶೇ 0.5 ಹೋದರೆ ಒಟ್ಟು ನಷ್ಟ ಶೇ 1.5 ಅನ್ನಿಸುತ್ತದೆ. ಅಷ್ಟಾಗುವುದಿಲ್ಲ. ಕ್ಯಾರಿಯರ್ ಕೂಡ ಅದೇ ದಿಕ್ಕಿಗೆ ತಿರುಗುವುದರಿಂದ ಶಕ್ತಿಯ ಆರರಲ್ಲಿ ಐದು ಪಾಲು ಮಾತ್ರ ಹಲ್ಲು ಉಜ್ಜಿ ದಾಟುತ್ತದೆ. ಉಳಿದದ್ದು ಇಡೀ ಜೋಡಣೆಯ ಜೊತೆಗೇ ಸುತ್ತಿಬರುತ್ತದೆ. ನಷ್ಟ ಶೇ 1.25. ಇಂಥ ಮೂರು ಹಂತ ಒಂದರ ಹಿಂದೊಂದು ಸೇರಿದರೆ ವೇಗ ಇಳಿಯುವ ಪ್ರಮಾಣ 216:1. ಮೋಟಾರು 1000 ಆರ್‌ಪಿಎಂ ಇದ್ದರೆ ಮಿಲ್ಲಿನ ರೋಲರು 4.6. ಹಲ್ಲುಗಳ ಮಟ್ಟಿಗೆ ದಕ್ಷತೆ ಶೇ 96.3.

ಲೋಡ್ ಇರಲಿ, ಇಲ್ಲದಿರಲಿ ತಿನ್ನುವ ನಷ್ಟ ಬೇರೆಯೇ ಇದೆ: ಎಣ್ಣೆಯ ಕಡೆತ, ಸೀಲಿನ ಬಿಗಿತ, ಬೇರಿಂಗಿನ ಎಳೆತ. ಮೊದಲ ಹಂತದ ಕ್ಯಾರಿಯರ್ ನಿಮಿಷಕ್ಕೆ 167 ಸುತ್ತುತ್ತದೆ, ಪ್ಲಾನೆಟ್ ತನ್ನ ಪಿನ್ನಿನ ಮೇಲೆ 417. ಮಜ್ಜಿಗೆ ಕಡೆದ ಹಾಗೆ ಎಣ್ಣೆ ಕಡೆಯುತ್ತದೆ. 500 ಕಿಲೋವ್ಯಾಟ್ ಡ್ರೈವಿನಲ್ಲಿ ಇದು 8 ಕಿಲೋವ್ಯಾಟ್ ಎಂದಿಟ್ಟುಕೊಳ್ಳಿ. ಪೂರ್ಣ ಲೋಡಿನಲ್ಲಿ ಹಲ್ಲಿನ ನಷ್ಟ 18.5 ಸೇರಿ ದಕ್ಷತೆ ಶೇ 94.7. ಕಬ್ಬಿನ ಪೂರೈಕೆ ತಗ್ಗಿ ಲೋಡ್ 100 ಕಿಲೋವ್ಯಾಟಿಗೆ ಇಳಿದರೆ? ಹಲ್ಲಿನ ನಷ್ಟ 3.7ಕ್ಕೆ ಇಳಿಯುತ್ತದೆ, ಆ 8 ಹಾಗೇ ಉಳಿಯುತ್ತದೆ. ದಕ್ಷತೆ ಶೇ 88.3.

ಕೊನೆಯ ಹಂತದ ಕಾಯಿಲೆ ತದ್ವಿರುದ್ಧ. ಅಲ್ಲಿ ವೇಗ ತೀರಾ ಕಡಿಮೆ, ಟಾರ್ಕ್ (ತಿರುಗಿಸುವ ಬಲ) ವಿಪರೀತ. ಹಲ್ಲುಗಳ ನಡುವೆ ಎಣ್ಣೆಯ ಪದರ ನಿಲ್ಲದೆ ಲೋಹಕ್ಕೆ ಲೋಹ ತಾಗಿ ಘರ್ಷಣೆ ಏರುತ್ತದೆ. ಮೂರೂ ಹಂತಕ್ಕೆ ಒಂದೇ ಶೇಕಡಾವಾರು ಹಾಕಿದ ಲೆಕ್ಕ ಎಡವುವುದು ಇಲ್ಲೇ.

ಇನ್ನು ಎಣ್ಣೆ. ವಿಜಿ 320 ದರ್ಜೆಯ ಗೇರ್ ಎಣ್ಣೆಯ ಸ್ನಿಗ್ಧತೆ (ಮಂದತನ) 40 ಡಿಗ್ರಿಯಲ್ಲಿ 320 ಸೆಂಟಿಸ್ಟೋಕ್ (ಸ್ನಿಗ್ಧತೆಯ ಮಾನ), 80 ಡಿಗ್ರಿಯಲ್ಲಿ ಸುಮಾರು 50. ಚಳಿಗಾಲದ ಬೆಳಗಿನ ಪಾಳಿಯಲ್ಲಿ ಮಿಲ್ ಶುರು ಮಾಡಿದಾಗ ಮೋಟಾರು ಹೆಚ್ಚು ಕರೆಂಟ್ ಎಳೆಯಲು ಇದೂ ಒಂದು ಕಾರಣ. ಇರಲಿ ಎಂದು ಗುರುತಿಗಿಂತ ಮೇಲೆ ಎಣ್ಣೆ ತುಂಬಿಸುವವರಿದ್ದಾರೆ. ಅದರಿಂದ ಕಡೆತ ಹೆಚ್ಚಿ, ನೊರೆ ಬಂದು, ಬಿಸಿ ಏರಿ, ಪದರ ತೆಳುವಾಗಿ, ಮೊದಲು ಸನ್ ಗೇರಿನ ಹಲ್ಲಿನ ಮೇಲೆ ಗುಳಿ ಬೀಳುತ್ತವೆ. ಕ್ಯಾರಿಯರಿಗೆ ಹೋಲಿಸಿದ ಪ್ರತಿ ಸುತ್ತಿಗೆ ಸನ್‌ನ ಒಂದೊಂದು ಹಲ್ಲಿಗೂ ಮೂರು ಪ್ಲಾನೆಟ್‌ಗಳ ಮೂರು ಪೆಟ್ಟು.

ನಷ್ಟ ಅಳೆಯಲು ಒಳಬರುವ, ಹೊರಹೋಗುವ ಶಕ್ತಿ ಅಳೆದು ಕಳೆಯುವುದು ನೆಚ್ಚುವಂಥದ್ದಲ್ಲ. ಎರಡೂ ಮೀಟರು ಶೇ 1ರಷ್ಟು ತಪ್ಪಿದರೆ 500ರಲ್ಲಿ ಹತ್ತಿರ ಹತ್ತಿರ 10 ಕಿಲೋವ್ಯಾಟ್ ಗೊಂದಲ. ಹುಡುಕುತ್ತಿರುವ ನಷ್ಟವೇ 26.5. ಬದಲಿಗೆ ಗೇರ್‌ಬಾಕ್ಸನ್ನು ಮಿಲ್ಲಿಗೆ ಜೋಡಿಸುವ ಕಪ್ಲಿಂಗ್ ಬಿಚ್ಚಿ, ಎಣ್ಣೆಯ ಉಷ್ಣತೆ ನಿಲ್ಲುವವರೆಗೆ ಓಡಿಸಿ, ಮೋಟಾರಿನ ಕಿಲೋವ್ಯಾಟ್ ಬರೆದುಕೊಳ್ಳಿ. ಮೋಟಾರೊಂದನ್ನೇ ಓಡಿಸಿದಾಗಿನ ಅಂಕಿಯನ್ನು ಅದರಿಂದ ಕಳೆಯಿರಿ. ಲೋಡ್ ಇರುವಾಗ ಆಯಿಲ್ ಕೂಲರಿನ ಎರಡೂ ತುದಿಗೆ ಥರ್ಮಾಮೀಟರ್ ಹಾಕಿ: ನಿಮಿಷಕ್ಕೆ 20 ಲೀಟರ್ ಹರಿದು 10 ಡಿಗ್ರಿ ಇಳಿದರೆ ಸುಮಾರು 6 ಕಿಲೋವ್ಯಾಟ್ ಶಾಖ. ಕವಚದಿಂದ ಹೋಗುವ ಶಾಖ ಇದಕ್ಕೆ ಸೇರಬೇಕು.

ಟೆಂಡರಿನಲ್ಲಿ ಮೂರು ಅಂಕಿ ಕೇಳಿ: 60 ಡಿಗ್ರಿ ಎಣ್ಣೆಯಲ್ಲಿ ಲೋಡ್‌ರಹಿತ ನಷ್ಟ ಕಿಲೋವ್ಯಾಟಿನಲ್ಲಿ, ಅರ್ಧ ಲೋಡಿನ ದಕ್ಷತೆ, ಪೂರ್ಣ ಲೋಡಿನ ದಕ್ಷತೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ತಾಂತ್ರಿಕ ವರದಿ ಐಎಸ್‌ಒ/ಟಿಆರ್ 14179ರಲ್ಲಿ ಇದರ ಲೆಕ್ಕದ ವಿಧಾನವಿದೆ; ಯಾವ ವಿಧಾನದ ಲೆಕ್ಕ ಎಂಬುದನ್ನೂ ಬರೆಸಿಕೊಳ್ಳಿ.

– ಗೇರ್‌ಬಾಕ್ಸ್ ನಿರ್ವಹಣಾ ಎಂಜಿನಿಯರುಗಳು, ಬಾಗಲಕೋಟೆ