ಸಾವಿರದ ಸಾಲು ತುಂಬಿದ ಹೊತ್ತಿಗೆ ಒಂದಿಷ್ಟು ನಮಸ್ಕಾರ

ನೋಡಿದ ಸಿನಿಮಾಗಳನ್ನೆಲ್ಲ ಬರೆದಿಡುವ ನಮ್ಮ ಬಳಗದ ಪಟ್ಟಿ ಈ ವಾರ ಸಾವಿರ ಸಾಲು ಮುಟ್ಟಿತು. ಪಟ್ಟಿ ನಮ್ಮದೇ ಆದರೂ ಅದು ಕೆಡದೆ ಉಳಿದದ್ದು ಹತ್ತಾರು ಜನರ ಕೈಗುಣದಿಂದ. ಯಾರು ಹೇಳಿಕೊಟ್ಟದ್ದು ಎಲ್ಲಿ ಉಪಯೋಗಕ್ಕೆ ಬಂತು ಅಂತ ಬಿಡಿಸಿ ಹೇಳಿದರೆ, ಈಗಷ್ಟೇ ಬರೆಯಲು ಕೂತವರಿಗೂ ಅನುಕೂಲವಾದೀತು.

ಹೆಸರಿನ ಪಕ್ಕ ವರ್ಷ ಇರಲೇಬೇಕು ಎಂದು ಮೊದಲ ದಿನವೇ ಹಟ ಹಿಡಿದವರಿಗೆ ಮೊದಲ ನಮಸ್ಕಾರ. ಬರೀ ‘ನಾಗರಹಾವು’ ಎಂದು ಬರೆದಿಟ್ಟರೆ, ಅದು ಪುಟ್ಟಣ್ಣ ಕಣಗಾಲರ 1972ರ ಚಿತ್ರವೋ 2016ರದ್ದೋ ಆಮೇಲೆ ಗೊತ್ತಾಗುವುದಿಲ್ಲ. ‘ಗಂಧದ ಗುಡಿ’ಯೂ ಹಾಗೇ, 1973ರದ್ದು ಬೇರೆ, 2022ರದ್ದು ಬೇರೆ. ಆದರೆ ವರ್ಷವೊಂದನ್ನೇ ನಂಬಿದರೂ ಕಷ್ಟ. ‘ತಿಥಿ’ ಲೊಕಾರ್ನೊ ಚಿತ್ರೋತ್ಸವದಲ್ಲಿ ತೆರೆ ಕಂಡದ್ದು 2015ರಲ್ಲಿ, ನಮ್ಮ ಥಿಯೇಟರುಗಳಿಗೆ ಬಂದದ್ದು 2016ರಲ್ಲಿ. ಒಬ್ಬರು ಒಂದು ವರ್ಷ, ಇನ್ನೊಬ್ಬರು ಇನ್ನೊಂದು ವರ್ಷ ಹಾಕಿದರೆ ಒಂದೇ ಸಿನಿಮಾ ಎರಡಾಗುತ್ತದೆ. ಅದಕ್ಕೆ ಮದ್ದು ಐಎಂಡಿಬಿ ಎಂಬ ಸಿನಿಮಾ ಮಾಹಿತಿಯ ಜಾಲತಾಣ ಪ್ರತಿ ಚಿತ್ರಕ್ಕೂ ಕೊಡುವ ಸಂಖ್ಯೆ, ಅದೇ ‘ಟಿಟಿ’ ಎಂದು ಶುರುವಾಗುತ್ತದಲ್ಲ, ಅದು. ಇಂಗ್ಲಿಷಿನಲ್ಲಿ ‘ಹಾವು’ ಬರೆಯಲು ಒಂದು ‘ಎ’ ಹಾಕಲಿ ಎರಡು ಹಾಕಲಿ, ಆ ಸಂಖ್ಯೆ ಬದಲಾಗದು.

ಎರಡನೆಯ ನಮಸ್ಕಾರ ಟಿಎಂಡಿಬಿ ಎಂಬ ಇನ್ನೊಂದು ಸಿನಿಮಾ ಮಾಹಿತಿ ತಾಣದಲ್ಲಿ ಕನ್ನಡ ಚಿತ್ರಗಳ ವಿವರ ತುಂಬುವವರಿಗೆ. ನೋಡಿದ ಸಿನಿಮಾಗಳನ್ನು ದಾಖಲಿಸಿಡುವ ಲೆಟರ್‌ಬಾಕ್ಸ್ಡ್ ಎಂಬ ತಾಣದಲ್ಲಿ ಕಾಣುವ ಪೋಸ್ಟರ್, ತಾರಾಗಣ, ಅವಧಿ ಎಲ್ಲ ಬರುವುದು ಅಲ್ಲಿಂದಲೇ. ಅಲ್ಲಿ ಯಾರು ಬೇಕಾದರೂ ಖಾತೆ ತೆರೆದು ತಿದ್ದಬಹುದು. ಹಳೆಯ ಕಪ್ಪು-ಬಿಳುಪು ಚಿತ್ರವೊಂದನ್ನು ಹುಡುಕಿದಾಗ ಕನ್ನಡ ಲಿಪಿಯಲ್ಲೇ ಹೆಸರು ಸಿಕ್ಕರೆ, ಯಾರೋ ಪುಣ್ಯಾತ್ಮರು ಸಂಬಳವಿಲ್ಲದೆ ಕೂತು ಅದನ್ನು ಟೈಪ್ ಮಾಡಿದ್ದಾರೆ ಎಂದರ್ಥ. ಅವರ ಹೆಸರು ನಮಗೆ ತಿಳಿಯದು, ಋಣ ಮಾತ್ರ ದೊಡ್ಡದು.

ಇನ್ನು ತಾರೀಕು. ನಮ್ಮ ಅನುಭವದಲ್ಲಿ ಪಟ್ಟಿಗಳು ಹಾಳಾಗುವುದೇ ಇಲ್ಲಿ. 05/08 ಎಂದರೆ ನಮಗೆ ಆಗಸ್ಟ್ 5. ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರಿಗೆ ಅದು ಮೇ 8. ಎಕ್ಸೆಲ್ ಏನೂ ಹೇಳದೆ ಅದಲುಬದಲು ಮಾಡಿಬಿಡುತ್ತದೆ. 25/08 ಬಂದಾಗ ಮಾತ್ರ, 25ನೇ ತಿಂಗಳು ಇಲ್ಲವಾದ್ದರಿಂದ, ಅದನ್ನು ಬರೀ ಅಕ್ಷರವಾಗಿ ಬಿಡುತ್ತದೆ. ಹೀಗೆ ಒಂದೇ ಕಾಲಮ್ಮಿನಲ್ಲಿ ಅರ್ಧ ತಪ್ಪು ತಾರೀಕು, ಇನ್ನರ್ಧ ತಾರೀಕೇ ಅಲ್ಲ. ತಾರೀಕುಗಳು ಸೆಲ್ಲಿನ ಬಲಕ್ಕೆ ಅಂಟುತ್ತವೆ, ಅಕ್ಷರವಾಗಿ ಉಳಿದವು ಎಡಕ್ಕೆ. ಕಾಲಂ ಹಾವಿನಂತೆ ಎಡಕ್ಕೂ ಬಲಕ್ಕೂ ಹರಿದಾಡುತ್ತಿದ್ದರೆ ಎಡವಟ್ಟಾಗಿದೆ ಅಂತಲೇ ಲೆಕ್ಕ. ‘2024-08-05 ಅಂತ ವರ್ಷ ಮೊದಲು ಬರೀರಿ’ ಎಂದು ಬೇಸರವಿಲ್ಲದೆ ಹೇಳುತ್ತ ಬಂದವರಿಗೆ ಅನಂತ ವಂದನೆ. ಲೆಟರ್‌ಬಾಕ್ಸ್ಡ್ ಇಂಪೋರ್ಟ್ ಕೇಳುವುದೂ ಅದೇ ರೂಪವನ್ನು. ಸೆಕೆಂಡ್ ಶೋ ಮುಗಿಯುವಾಗ ಮಧ್ಯರಾತ್ರಿ ದಾಟಿದರೆ ಆಟ ಶುರುವಾದ ದಿನವನ್ನೇ ಬರೆಯಬೇಕೆಂಬ ನಿಯಮವೂ ಅವರದ್ದೇ.

ಲೆಟರ್‌ಬಾಕ್ಸ್ಡ್‌ನಿಂದ ಡೇಟಾ ಇಳಿಸಿಕೊಂಡಾಗ ಬರುವ ಜಿಪ್‌ನಲ್ಲಿ ‘ಡೈರಿ’ ಎಂಬ ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಕಾಲಂ ಬಿಡಿಸಿದ ಸಾದಾ ಪಟ್ಟಿ) ಇರುತ್ತದೆ. ಅದರಲ್ಲಿ ತಾರೀಕಿನ ಕಾಲಂ ಎರಡು. ‘ಡೇಟ್’ ಎಂದರೆ ನೀವು ದಾಖಲಿಸಿದ ದಿನ, ‘ವಾಚ್ಡ್ ಡೇಟ್’ ಎಂದರೆ ನೋಡಿದ ದಿನ. ಹಳೆಯದನ್ನೆಲ್ಲ ಒಂದೇ ಭಾನುವಾರ ಕೂತು ತುಂಬಿಸಿದವರು ಮೊದಲನೆಯದನ್ನು ಹಿಡಿದು ಎಣಿಸಿದರೆ ಒಂದೇ ದಿನ ಇನ್ನೂರು ಸಿನಿಮಾ ನೋಡಿದ ಹಾಗೆ ಕಾಣುತ್ತದೆ. ಪಿವೋಟ್ ಟೇಬಲ್ (ಸಾಲುಗಳನ್ನು ಗುಂಪು ಮಾಡಿ ಎಣಿಸುವ ಎಕ್ಸೆಲ್ ಕೋಷ್ಟಕ) ಮಾಡುವಾಗ ಎರಡನೆಯದನ್ನೇ ಎಳೆದುಕೊಳ್ಳಿ ಎಂದು ತೋರಿಸಿಕೊಟ್ಟ ತಂಗಿಗೆ ಧನ್ಯವಾದ. ಆ ಫೈಲನ್ನು ಸೀದಾ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡ ಅಕ್ಷರ ಚಿತ್ರವಿಚಿತ್ರವಾಗಬಹುದು. ಡೇಟಾ ಮೆನುವಿನಿಂದ ಒಳಗೆ ತಂದು ಯುಟಿಎಫ್-8 ಎಂಬ ಅಕ್ಷರ ಸಂಕೇತವನ್ನು ಆರಿಸಿದರೆ ಸರಿಹೋಗುತ್ತದೆ.

ನೆಟ್‌ಫ್ಲಿಕ್ಸ್‌ನ ವ್ಯೂಯಿಂಗ್ ಆಕ್ಟಿವಿಟಿ ಪುಟದ ಕೆಳಗಿನ ‘ಡೌನ್‌ಲೋಡ್ ಆಲ್’ ಒತ್ತಿದರೆ ಸಿಗುವುದು ಹೆಸರು, ತಾರೀಕು ಎರಡೇ. ವರ್ಷ ಇಲ್ಲ, ಹತ್ತು ನಿಮಿಷಕ್ಕೆ ಬಿಟ್ಟದ್ದೂ ಅದರಲ್ಲಿರುತ್ತದೆ. ಪ್ರೊಫೈಲಿಗೊಂದು ಫೈಲು. ಅದನ್ನು ಕೈಯಾರೆ ಸೋಸದೆ ಸೇರಿಸಬೇಡಿ.

ಟಿಕೆಟ್ ಚೂರುಗಳನ್ನು ಜೋಪಾನ ಮಾಡಿ ನಮಗೆ ಕೊಟ್ಟ ಹಿರಿಯರನ್ನು ಮರೆಯುವುದುಂಟೇ? ಹಳೆಯ ಟಾಕೀಸಿನ ತೆಳು ಬಣ್ಣದ ಟಿಕೆಟ್ ಮೇಲೆ ಎಷ್ಟೋ ಸಲ ಕ್ಲಾಸು, ದರ ಇರುತ್ತಿತ್ತೇ ಹೊರತು ಸಿನಿಮಾದ ಹೆಸರಲ್ಲ. ಹಿಂದುಗಡೆ ಪೆನ್ಸಿಲಿನಲ್ಲಿ ಹೆಸರು, ಜತೆಗೆ ಹೋದವರ ಹೆಸರು ಬರೆದಿಟ್ಟಿದ್ದರು. ನಮ್ಮ ಪಟ್ಟಿಗೆ ‘ಯಾರ ಜತೆ’ ಎಂಬ ಕಾಲಂ ಬಂದದ್ದು ಅದನ್ನು ನೋಡಿಯೇ, ಮತ್ತು ನಕ್ಷತ್ರ ಕೊಡುವ ಕಾಲಮ್ಮಿಗಿಂತ ಜನ ಹೆಚ್ಚು ತೆರೆದು ನೋಡುವುದು ಅದನ್ನೇ. ಈಗಿನ ಮಲ್ಟಿಪ್ಲೆಕ್ಸ್ ಟಿಕೆಟ್ ಥರ್ಮಲ್ ಕಾಗದದ್ದು. ಬಿಸಿ ತಾಗಿದರೆ ಕಪ್ಪಾಗುತ್ತದೆ, ಸುಮ್ಮನೆ ಇಟ್ಟರೂ ಅಕ್ಷರ ಮಾಸುತ್ತದೆ. ಲ್ಯಾಮಿನೇಟ್ ಮಾಡಿಸಲು ಮಾತ್ರ ಹೋಗಬೇಡಿ, ಆ ಯಂತ್ರದ ಶಾಖಕ್ಕೆ ಇಡೀ ಟಿಕೆಟ್ ಮಸಿಯಾಗುತ್ತದೆ. ಮನೆಗೆ ಬಂದ ರಾತ್ರಿಯೇ ಫೋಟೊ ತೆಗೆದು, ಫೈಲಿನ ಹೆಸರಲ್ಲಿ ತಾರೀಕು ಹಾಕಿಡಿ.

ತಾರೀಕು ಸಿಗದ ಹಳೆಯ ಸಾಲುಗಳು ಇನ್ನೂ ಇವೆ. ಅಂದಾಜಿಗೆ ಜನವರಿ 1 ಹಾಕಿದರೆ ಆ ತಿಂಗಳ ಲೆಕ್ಕ ಸುಳ್ಳಾಗುತ್ತದೆ, ಹಾಗಾಗಿ ಖಾಲಿ ಬಿಟ್ಟಿದ್ದೇವೆ. ಹಿರಿಯರಲ್ಲಿ ಒಬ್ಬರು ಇನ್ನೊಂದು ಡಬ್ಬಿ ಟಿಕೆಟ್ ಅಟ್ಟದ ಮೇಲಿದೆ, ಇಳಿಸಿಕೊಡುತ್ತೇನೆ ಎಂದಿದ್ದಾರೆ. ಅವರಿಗೆ ಮುಂಗಡ ನಮಸ್ಕಾರ.