ಹ್ಯಾಲೊವೀನ್‌ಗೆ ಇಂಗ್ಲೆಂಡಿನ ಹಳ್ಳಿಗೆ ಹೊರಟವರು ಮೊದಲು ಸೂರ್ಯಾಸ್ತ ನೋಡಿಕೊಳ್ಳಲಿ

ಮಾನ್ಯ ಸಂಪಾದಕರೆ,

ಓದಲು, ನೌಕರಿಗೆಂದು ಇಂಗ್ಲೆಂಡ್ ಸೇರಿದ ಮಕ್ಕಳನ್ನು ನೋಡಿಬರಲು ದಸರಾ ಮುಗಿಸಿ ಹೊರಡುವ ತಂದೆತಾಯಿ ಬೆಳಗಾವಿ ಕಡೆ ಈಗ ಕಡಿಮೆಯೇನಿಲ್ಲ. ಅಕ್ಟೋಬರ್ 31ರ ಹ್ಯಾಲೊವೀನ್, ಅಂದರೆ ಕುಂಬಳಕಾಯಿ ಕೊರೆದು ದೀಪ ಇಡುವ, ಮಕ್ಕಳು ದೆವ್ವ-ಮಾಟಗಾತಿಯರ ವೇಷ ಹಾಕಿ ಮನೆಮನೆಗೆ ಮಿಠಾಯಿ ಕೇಳಿ ಬರುವ ಹಬ್ಬ, ಅಲ್ಲೇ ಸಿಗುತ್ತದೆ. ಯಾವುದಾದರೂ ಹಳ್ಳಿಯಲ್ಲಿ ಎರಡು-ಮೂರು ರಾತ್ರಿ ಇದ್ದು ನೋಡೋಣ ಎನ್ನುವ ಆಸೆಯೂ ಸಹಜ. ಆದರೆ ಕೆಲವರು ಕೊಂಡುತರುವ ಪ್ಯಾಕೇಜ್ ಪಟ್ಟಿಗಳಲ್ಲಿ ‘ಸಂಜೆ 5:30, ಬೆಟ್ಟದ ಮೇಲಿನ ನೋಟ’ ಎಂದಿರುತ್ತದೆ. ಆ ಹೊತ್ತಿಗೆ ಅಲ್ಲಿ ಕಣ್ಣಿಗೆ ಕತ್ತಲೆ ಬಿಟ್ಟು ಬೇರೇನೂ ಕಾಣದು.

ಆ ದಿನ ಬೆಳಗಾವಿಯಲ್ಲಿ ಸೂರ್ಯ ಮುಳುಗುವುದು ಆರರ ಸುಮಾರಿಗೆ. ಯಾರ್ಕ್‌ಷೈರ್ ಕರಾವಳಿಯ ವಿಟ್ಬಿಯಲ್ಲಿ 4:25ರ ಆಸುಪಾಸು. ಉತ್ತರದ ಅಕ್ಷಾಂಶ ಒಂದು ಕಾರಣ. ಇನ್ನೊಂದು, ಅಕ್ಟೋಬರ್ ಕೊನೆಯ ಭಾನುವಾರ ನಸುಕಿನ ಎರಡು ಗಂಟೆಗೆ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಶನಿವಾರ 5:40ರ ಹೊತ್ತಿಗೆ ಮುಳುಗಿದ ಸೂರ್ಯ ಭಾನುವಾರ 4:35ಕ್ಕೇ ಕಂತುತ್ತಾನೆ. ನಮ್ಮ ಅವರ ವೇಳೆಯ ಅಂತರ ನಾಲ್ಕೂವರೆಯಿಂದ ಐದೂವರೆ ತಾಸಿಗೆ ಏರುತ್ತದೆ. ಮೊಬೈಲ್ ತಾನೇ ತಿದ್ದಿಕೊಳ್ಳುತ್ತದೆ, ಕೈಗಡಿಯಾರ ತಿದ್ದಿಕೊಳ್ಳದು. ಅದನ್ನೇ ನಂಬಿ ಹೋದವರು ಹಳ್ಳಿಯ ಬಸ್ ನಿಲ್ದಾಣದಲ್ಲಿ ಒಂದು ತಾಸು ಚಳಿಯಲ್ಲಿ ನಿಲ್ಲಬೇಕಾಗುತ್ತದೆ.

ಬಾಡಿಗೆ ಮನೆಯ, ಅಲ್ಲಿಯವರು ಕಾಟೇಜ್ ಎನ್ನುವುದರ, ಕೀಲಿ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ 4ರ ಮೇಲೆ. ಬಿಡಬೇಕಾದದ್ದು ಬೆಳಿಗ್ಗೆ 10ಕ್ಕೆ. ಹಾಗಾಗಿ 31ನೇ ತಾರೀಖೇ ಹೋಗಿ ಇಳಿಯುವುದು ತಪ್ಪು ಲೆಕ್ಕ. ಹಳ್ಳಿಮನೆಗಳಿಗೆ ಎಷ್ಟೋ ಕಡೆ ನಂಬರ್ ಇರುವುದಿಲ್ಲ, ಹೆಸರಿರುತ್ತದೆ. ಒಂದೇ ಪೋಸ್ಟ್‌ಕೋಡ್ ದೂರದೂರದ ನಾಲ್ಕಾರು ಮನೆಗಳಿಗೆ ಸೇರಿರಬಹುದು. ಬೀದಿದೀಪ ಇರದು, ಮೊಬೈಲ್ ಸಿಗ್ನಲ್ ಕೈಕೊಡುತ್ತದೆ, ಕೀಲಿಯೋ ಬಾಗಿಲ ಪಕ್ಕದ ಪುಟ್ಟ ಕೋಡ್ ಪೆಟ್ಟಿಗೆಯಲ್ಲಿ. ಒಂದು ದಿನ ಮೊದಲೇ ಹೋಗಿ. ನಕಾಶೆಯನ್ನು ಮೊಬೈಲ್‌ಗೆ ಇಳಿಸಿಕೊಂಡು, ಮಾಲೀಕರಿಂದ ಮನೆಯ ಮುಂಭಾಗದ ಫೋಟೊ ತರಿಸಿಕೊಂಡಿರಿ.

ಆ ವಾರ ಅಲ್ಲಿನ ಶಾಲೆಗಳಿಗೆ ಬಹುತೇಕ ‘ಹಾಫ್ ಟರ್ಮ್’ ರಜೆ. ಮನೆಗಳು ಬೇಗ ತುಂಬುತ್ತವೆ, ಬಾಡಿಗೆಯೂ ಏರುತ್ತದೆ. ಇತ್ತ ಪ್ರವಾಸಿ ವೀಸಾಕ್ಕೆ ಹೊರಡುವ ದಿನಕ್ಕಿಂತ ಮೂರು ತಿಂಗಳು ಮುಂಚೆಯಷ್ಟೇ ಅರ್ಜಿ ಹಾಕಲು ಬರುತ್ತದೆ. ಬೆರಳಚ್ಚು ಕೊಡಲು ಪುಣೆಗೋ ಬೆಂಗಳೂರಿಗೋ ಹೋಗಬೇಕು, ಉತ್ತರಕ್ಕೆ ಸಾಮಾನ್ಯವಾಗಿ ಮೂರು ವಾರ. ಮನೆ ಮೊದಲು, ವೀಸಾ ಆಮೇಲೆ ಎಂಬ ಈ ಇಕ್ಕಟ್ಟಿಗೆ ಇರುವ ದಾರಿ, ರದ್ದು ಮಾಡಿದರೆ ಹಣ ಮರಳಿಸುವ ಮನೆಯನ್ನೇ ಹಿಡಿಯುವುದು.

ಡ್ರಾಕುಲಾ ಕಥೆಯ ಹಡಗು ಬಂದು ಬಡಿಯುವ ಊರೆಂದು ವಿಟ್ಬಿಗೆ ಜನ ಮುಗಿಬೀಳುತ್ತಾರೆ. ಪಾಳು ಮಠಕ್ಕೆ ಹತ್ತುವ 199 ಕಲ್ಲುಮೆಟ್ಟಿಲು ಮಳೆಯಲ್ಲಿ ಜಾರುತ್ತವೆ. ಹಿರಿಯರಿದ್ದರೆ ಬೆಳಕಿರುವಾಗಲೇ ಹತ್ತಿಳಿದು ಮುಗಿಸಿ. ಲಂಡನ್ ಕಡೆಯಿಂದ ಬರುವವರು ರೈಲು ಬದಲಿಸುವ ಮಿಡಲ್ಸ್‌ಬರೋದಿಂದ ವಿಟ್ಬಿಗೆ ರೈಲು ಸುಮಾರು ಒಂದೂವರೆ ತಾಸು. ದಿನಕ್ಕೆ ಬೆರಳೆಣಿಕೆಯಷ್ಟೇ ಇರುವುದರಿಂದ ಮೊದಲು ಇದರ ವೇಳೆ ನೋಡಿ, ಅದಕ್ಕೆ ಹೊಂದುವಂತೆ ಲಂಡನ್ನಿನ ರೈಲು ಹಿಡಿಯಿರಿ. ಲ್ಯಾಂಕಾಷೈರ್‌ನ ಪೆಂಡಲ್ ಬೆಟ್ಟ 557 ಮೀಟರ್. 1612ರ ಮಾಟಗಾತಿ ವಿಚಾರಣೆಯ ನೆನಪಿಗೆ ಜನ ಹ್ಯಾಲೊವೀನ್ ರಾತ್ರಿ ಅದನ್ನು ಹತ್ತುತ್ತಾರೆ. ಕೆಸರು, ಮಂಜು, ಗಾಳಿ ಮೂರೂ ಕೂಡುವ ಜಾಗ. ಹಗಲಲ್ಲಿ ಹತ್ತಿದರೆ ನಷ್ಟವೇನಿಲ್ಲ.

ಕಾರು ಬಾಡಿಗೆಗೆ ನಮ್ಮ ಲೈಸೆನ್ಸ್ ಹನ್ನೆರಡು ತಿಂಗಳು ನಡೆಯುತ್ತದೆ. ರಸ್ತೆಯ ಎಡಬದಿಯೂ ನಮ್ಮಂತೆಯೇ. ಕ್ರೆಡಿಟ್ ಕಾರ್ಡ್ ಓಡಿಸುವವರ ಹೆಸರಲ್ಲೇ ಇರಲಿ, ಗೇರ್ ಬೇಡವಾದರೆ ಆಟೊಮ್ಯಾಟಿಕ್ ಎಂದು ಮೊದಲೇ ಕೇಳಿ. ಹಳ್ಳಿದಾರಿ ಒಂದೇ ಗಾಡಿಯಷ್ಟು ಅಗಲ, ಎರಡೂ ಕಡೆ ಬೇಲಿ. ಎದುರು ಗಾಡಿ ಬಂದರೆ ಸರಿದು ನಿಲ್ಲುವ ಜಾಗದವರೆಗೆ ಹಿಂದಕ್ಕೆ ಹೋಗಬೇಕಾಗುತ್ತದೆ. ಕತ್ತಲಲ್ಲಿ ಇದು ಮೊದಲ ಸಲ ಕಲಿಯುವ ವಿದ್ಯೆಯಲ್ಲ.

ಇನ್ನು ಬುತ್ತಿ. ಹಾಲಿನ ಪದಾರ್ಥ, ಮಾಂಸ ಭಾರತದಿಂದ ಒಯ್ಯುವಂತಿಲ್ಲ. ಎಂದರೆ ನಮ್ಮ ಕುಂದಾ ಮನೆಯಲ್ಲೇ ಉಳಿಯಬೇಕು! ಖಡಕ್ ರೊಟ್ಟಿ, ಶೇಂಗಾ ಹಿಂಡಿಗೆ ಅಡ್ಡಿಯಿಲ್ಲ.

ದೀಪಕ್ಕೆ ಕೊರೆಯುವುದು ದೃಷ್ಟಿಗೆ ಒಡೆಯುವ ಬೂದುಗುಂಬಳವಲ್ಲ, ಕಿತ್ತಳೆ ಬಣ್ಣದ ಸಿಹಿಗುಂಬಳ. ಮುಚ್ಚಳವನ್ನು ಚಾಕು ಓರೆ ಹಿಡಿದು ಕತ್ತರಿಸಬೇಕು, ನೆಟ್ಟಗೆ ಕತ್ತರಿಸಿದರೆ ಒಳಗೆ ಬೀಳುತ್ತದೆ. ತಿರುಳು ಕೆರೆದು ಗೋಡೆ ಎರಡೂವರೆ ಸೆಂಟಿಮೀಟರ್ ಉಳಿಸಿ. ಕೆಲವೇ ದಿನದಲ್ಲಿ ಬೂಷ್ಟು ಹಿಡಿಯುವುದರಿಂದ 30ಕ್ಕೆ ಕೊರೆದರೆ ಸಾಕು. ಹುಲ್ಲು ಹೊದಿಸಿದ ಮನೆಯಾದರೆ ಮೇಣದಬತ್ತಿ ಬೇಡ, ಬ್ಯಾಟರಿ ದೀಪ ಇಡಿ. ಹೊರಗೆ ಈ ದೀಪ ಇದ್ದ ಮನೆಯ ಬಾಗಿಲನ್ನಷ್ಟೇ ಮಕ್ಕಳು ತಟ್ಟುವುದು ಅಲ್ಲಿನ ರೂಢಿ. ಕಾಗದ ಸುತ್ತಿದ ಮಿಠಾಯಿ ತಂದಿಟ್ಟಿರಿ, ಶೇಂಗಾ ಇರುವುದು ಬೇಡ, ಅಲರ್ಜಿಯ ಮಕ್ಕಳಿರುತ್ತಾರೆ. ಮರುದಿನ ಮನೆ ಬಿಡುವಾಗ ಕುಂಬಳವನ್ನು ಕಾಡಿಗೆ ಎಸೆಯಬಾರದು, ತಿಂದ ಹೆಜ್‌ಹಾಗ್ ಎಂಬ ಪುಟ್ಟ ಮುಳ್ಳುಮೈಯ ಪ್ರಾಣಿಗಳಿಗೆ ಹೊಟ್ಟೆ ಕೆಡುತ್ತದೆ.

ಪ್ಯಾಕೇಜ್ ಮಾರುವ ನಮ್ಮೂರಿನವರು ದಿನಚರಿಯಲ್ಲಿ ಊಟದ ವೇಳೆಯ ಪಕ್ಕದಲ್ಲೇ ಸೂರ್ಯಾಸ್ತದ ವೇಳೆಯನ್ನೂ ಅಚ್ಚು ಹಾಕಲಿ ಎಂದು ಕೋರಿಕೆ.

ನಿಮ್ಮ ಓದುಗರು,
ಟಿಳಕವಾಡಿ, ಬೆಳಗಾವಿ