ಸೈಲೆಂಟ್‌ಗೆ ಹಾಕಿ ಮಲಗಬೇಡ ಪುಟ್ಟಿ

ಚಿಂತಾಮಣಿ
ಭಾನುವಾರ

ಪ್ರೀತಿಯ ಪುಟ್ಟಿಗೆ,

ಮಲಗುವಾಗ ಫೋನನ್ನು ಪೂರ್ತಿ ಸೈಲೆಂಟ್‌ಗೆ ಹಾಕ್ತೀನಿ ಅಂದೆಯಲ್ಲ, ಆಗಿನಿಂದ ಅದೇ ಯೋಚನೆ ಕೊರೀತಿದೆ. ನಿನ್ನ ನಿದ್ದೆ ಕೆಡಬಾರದು, ಸರಿ. ಆದರೆ ಸೈಲೆಂಟ್ ಮೋಡ್‌ಗೆ ಲೋನ್ ಕೊಡ್ತೀವಿ ಅನ್ನೋರೂ ಒಂದೇ, ಅಜ್ಜಿಗೆ ಉಸಿರು ಕಟ್ತಿದೆ ಅಂತ ಕರೆ ಮಾಡೋ ನಾನೂ ಒಂದೇ. ಏರೋಪ್ಲೇನ್ ಮೋಡ್ ಇನ್ನೂ ಕಡೆ, ಕರೆ ಫೋನಿನ ತನಕ ಬರೋದೇ ಇಲ್ಲ. ನಿನಗೆ ಬೇಕಾಗಿರೋದು ಡು ನಾಟ್ ಡಿಸ್ಟರ್ಬ್, ನೀನು ಆರಿಸಿದವರ ಕರೆ ಮಾತ್ರ ಬಿಟ್ಟು ಮಿಕ್ಕಿದ್ದನ್ನು ಸುಮ್ಮನಿರಿಸೋ ವ್ಯವಸ್ಥೆ. ಫೋನ್ ಕನ್ನಡದಲ್ಲಿದ್ದರೆ ‘ಅಡಚಣೆ ಮಾಡಬೇಡಿ’ ಅಂತ ಇರುತ್ತೆ.

ನಿನ್ನದು ಆಂಡ್ರಾಯ್ಡ್. ಒಂದೊಂದು ಕಂಪನಿ ಒಂದೊಂದು ಕಡೆ ಇಟ್ಟಿರುತ್ತೆ, ಹಾಗಾಗಿ ಸೆಟ್ಟಿಂಗ್ಸ್ ತೆರೆದು ಮೇಲಿನ ಹುಡುಕೋ ಜಾಗದಲ್ಲಿ ಆ ಹೆಸರು ಹೊಡಿ. ಅದಕ್ಕೂ ಮೊದಲು ಕಾಂಟ್ಯಾಕ್ಟ್ಸ್‌ಗೆ ಹೋಗಿ ನನ್ನ, ನಿಮ್ಮಪ್ಪನ, ಅಕ್ಕನ ಹೆಸರಿನ ಪಕ್ಕದ ನಕ್ಷತ್ರ ಒತ್ತು. ನಿಮ್ಮಪ್ಪನ ಎರಡೂ ಸಿಮ್ಮಿನ ನಂಬರು ಒಂದೇ ಹೆಸರಲ್ಲಿ ಇರಲಿ. ಒಂದನ್ನೇ ಸೇವ್ ಮಾಡಿದ್ದರೆ ಇನ್ನೊಂದರಿಂದ ಬಂದ ಕರೆ ಅಪರಿಚಿತರದ್ದಾಗಿಬಿಡುತ್ತೆ. ಆಮೇಲೆ ಡು ನಾಟ್ ಡಿಸ್ಟರ್ಬ್ ಒಳಗೆ ಕರೆಗಳ ಜಾಗದಲ್ಲಿ ‘ಸ್ಟಾರ್ಡ್ ಕಾಂಟ್ಯಾಕ್ಟ್ಸ್’ ಆರಿಸು. ಮೆಸೇಜ್‌ಗೆ ಯಾರನ್ನೂ ಬಿಡಬೇಡ. ರಾತ್ರಿ ನಾವು ಮೆಸೇಜ್ ಹಾಕಿದರೆ ಅದು ಬೆಳಿಗ್ಗೆ ನೋಡಿದರೆ ಸಾಕಾಗೋ ವಿಷಯ ಅಂದುಕೋ. ತುರ್ತಾದರೆ ಸಾದಾ ಕರೆಯನ್ನೇ ಮಾಡ್ತೀವಿ. ವಾಟ್ಸಾಪ್ ಕರೆ ನಂಬಿ ಕೂರಲ್ಲ, ನಿನ್ನ ನೆಟ್ ಆಫ್ ಇದ್ದರೆ ಅದು ಬರೋದೇ ಇಲ್ಲ.

ಅಲ್ಲೇ ಕೆಳಗೆ ‘ರಿಪೀಟ್ ಕಾಲರ್ಸ್’ ಇದೆ, ಅದನ್ನು ಆನ್ ಮಾಡು. ಒಂದೇ ನಂಬರಿನಿಂದ 15 ನಿಮಿಷದೊಳಗೆ ಎರಡನೇ ಸಲ ಕರೆ ಬಂದರೆ ರಿಂಗ್ ಆಗುತ್ತೆ. ಆಸ್ಪತ್ರೆಯಿಂದಲೋ, ದಾರಿಯಲ್ಲಿ ಸಿಕ್ಕವರ ಫೋನಿನಿಂದಲೋ ಮಾಡಬೇಕಾಗಿ ಬಂದರೆ ನಮಗಿರೋದು ಇದೊಂದೇ ದಾರಿ. ಅಕ್ಕನ ಐಫೋನ್‌ನಲ್ಲಿ ಇದು ಫೋಕಸ್ ಅನ್ನೋದರ ಒಳಗಿದೆ, ಅಲ್ಲಿ ಗಡುವು 3 ನಿಮಿಷ ಮಾತ್ರ. ಅದಕ್ಕೇ ನಿಮ್ಮಪ್ಪನಿಗೂ ಪಕ್ಕದ ಮನೆಯವರಿಗೂ ಹೇಳಿಟ್ಟಿದ್ದೀನಿ: ಎತ್ತಲಿಲ್ಲ ಅಂತ ಸುಮ್ಮನಾಗಬೇಡಿ, ಇಟ್ಟ ತಕ್ಷಣ ಅದೇ ಫೋನಿನಿಂದ ಇನ್ನೊಮ್ಮೆ ಮಾಡಿ.

ಇನ್ನು ಎಲ್ಲರೂ ಎಡವೋ ಜಾಗ. ಡು ನಾಟ್ ಡಿಸ್ಟರ್ಬ್ ನಮ್ಮ ಕರೆಯನ್ನು ಒಳಗೆ ಬಿಡುತ್ತೆ ಅಷ್ಟೇ, ಸದ್ದು ಮಾಡಬೇಕಾದ್ದು ರಿಂಗರ್. ಅದರ ವಾಲ್ಯೂಮ್ ಸೊನ್ನೆಗೆ ಇಳಿಸಿ ಮಲಗಿದರೆ ನಕ್ಷತ್ರ ಇದ್ದರೂ ಕೇಳಿಸಲ್ಲ. ಸಂಜೆ ಮೀಟಿಂಗಿಗೆ ಅಂತ ಸೈಲೆಂಟ್ ಮಾಡಿ ಮರೆತರೆ ರಾತ್ರಿಯೂ ಅದೇ ಗತಿ. ಮಲಗೋ ಮುಂಚೆ ಪಕ್ಕದ ವಾಲ್ಯೂಮ್ ಗುಂಡಿ ಒತ್ತಿ ರಿಂಗ್ ಮೋಡ್‌ನಲ್ಲಿದೆಯಾ ಅಂತ ದಿನಾ ನೋಡು. ಅಕ್ಕ ತನ್ನ ಫೋನಲ್ಲಿ ನನ್ನ ಹೆಸರು ತೆಗೆದು, ಎಡಿಟ್‌ಗೆ ಹೋಗಿ, ರಿಂಗ್‌ಟೋನ್ ಒಳಗೆ ‘ಎಮರ್ಜೆನ್ಸಿ ಬೈಪಾಸ್’ ಆನ್ ಮಾಡಿಕೊಳ್ಳಲಿ. ಆಗ ಸೈಲೆಂಟ್‌ನಲ್ಲಿದ್ದರೂ ನನ್ನ ಕರೆ ರಿಂಗ್ ಆಗುತ್ತೆ.

ದಿನಾ ನೆನಪಿಟ್ಟು ಹಾಕೋದು ಆಗದ ಕೆಲಸ. ಶೆಡ್ಯೂಲ್‌ನಲ್ಲಿ ರಾತ್ರಿ 10:30ರಿಂದ ಬೆಳಿಗ್ಗೆ 6:30 ಕೊಟ್ಟುಬಿಡು. ಅಲಾರಂಗೆ ಅನುಮತಿ ಆನ್ ಇರಲಿ. ಅಲಾರಂ ವಾಲ್ಯೂಮ್ ಬೇರೆಯೇ ಇರುತ್ತೆ, ಅದನ್ನೂ ನೋಡು. ಎರಡು ನಿಮಿಷ ಮುಂದಕ್ಕೆ ಅಲಾರಂ ಇಟ್ಟು, ಡು ನಾಟ್ ಡಿಸ್ಟರ್ಬ್ ಹಾಕಿ, ಹೊಡೆಯುತ್ತಾ ಅಂತ ಕಿವಿಯಾರೆ ಕೇಳಿಸಿಕೊಂಡ ಮೇಲೆ ನಂಬು.

ಮೀಟಿಂಗ್ ಲೆಕ್ಕ ಬೇರೆ. ಕ್ಯಾಲೆಂಡರ್ ನೋಡಿಕೊಂಡು ತಾನೇ ಆನ್ ಆಗೋ ವ್ಯವಸ್ಥೆ ಇದೆ, ಆದರೆ 11ಕ್ಕೆ ಮುಗಿಯಬೇಕಾದ್ದು 11:20ರವರೆಗೆ ಎಳೆದರೆ ಕೊನೆಯ 20 ನಿಮಿಷ ಫೋನ್ ಬಡ್ಕೊಳ್ಳುತ್ತೆ. ನನಗಂತೂ ಕೈಯಾರೆ ಹಾಕೋದೇ ವಾಸಿ ಅನ್ನಿಸುತ್ತೆ. ಸೆಟ್ಟಿಂಗ್‌ನಲ್ಲಿ ಅವಧಿಯನ್ನು ‘ಪ್ರತಿ ಸಲ ಕೇಳು’ ಅಂತ ಇಡು, ಮೇಲಿಂದ ಎಳೆದು ಒತ್ತಿದಾಗ ಎಷ್ಟು ಹೊತ್ತು ಅಂತ ಅದೇ ಕೇಳುತ್ತೆ. ಬರೀ ವೈಬ್ರೇಟ್‌ಗೆ ಹಾಕಿ ಮೇಜಿನ ಮೇಲಿಡಬೇಡ, ಮರದ ಹಲಗೆ ಆ ಗುರ್ ಅನ್ನೋದನ್ನು ಇಡೀ ರೂಮಿಗೆ ಕೇಳಿಸುತ್ತೆ. ಬ್ಯಾಗಿನಲ್ಲಿಡು.

ಲ್ಯಾಪ್‌ಟಾಪ್ ಮರೆಯಬೇಡ. ಫೋನ್ ಸುಮ್ಮನಿದ್ದರೂ ವಾಟ್ಸಾಪ್ ವೆಬ್ ಸುಮ್ಮನಿರಲ್ಲ. ಸ್ಕ್ರೀನ್ ಶೇರ್ ಮಾಡಿರೋವಾಗ ಮೂಲೆಯಲ್ಲಿ ನಾನು ಬರೆದದ್ದು ನಿಮ್ಮ ಮ್ಯಾನೇಜರ್ ಕಣ್ಣಿಗೂ ಬೀಳುತ್ತೆ. ವಿಂಡೋಸ್ 11 ಆದರೆ ವಿಂಡೋಸ್ ಕೀ ಜೊತೆ ಎನ್ ಒತ್ತು, ಮೇಲೆ ಗಂಟೆಯ ಚಿತ್ರ ಬರುತ್ತೆ, ಅದನ್ನು ಒತ್ತಿದರೆ ಆಯ್ತು. ಇಡೀ ಸ್ಕ್ರೀನ್ ಬದಲು ಬೇಕಾದ ಒಂದು ವಿಂಡೋ ಮಾತ್ರ ತೋರಿಸು.

ಜಾಹೀರಾತು ಕರೆಗಳಿಗೆ ಮದ್ದು ಬೇರೆ. ಇಂಗ್ಲಿಷಿನಲ್ಲಿ ಸ್ಟಾರ್ಟ್ ಅಂತ ಬರೆದು, ಜಾಗ ಬಿಟ್ಟು ಸೊನ್ನೆ ಹಾಕಿ 1909ಕ್ಕೆ ಎಸ್ಸೆಮ್ಮೆಸ್ ಕಳಿಸು.

ಕಾಗದ ಓದಿದ ದಿನವೇ ಎಲ್ಲ ಹಾಕಿ ನನಗೊಂದು ಮೆಸೇಜ್ ಮಾಡು. ಆ ರಾತ್ರಿ 10:40ಕ್ಕೆ ನಿಮ್ಮಪ್ಪ, ನಿನ್ನ ಫೋನಲ್ಲಿಲ್ಲದ ಅಂಗಡಿ ನಂಬರಿನಿಂದ ಎರಡು ಸಲ ಮಾಡ್ತಾರೆ. ಮೊದಲನೆಯದು ಕೇಳಿಸಬಾರದು, ಎರಡನೆಯದು ಕೇಳಿಸಬೇಕು. ಆಮೇಲೆ ನಾನು ಮಾಡ್ತೀನಿ. ನನ್ನದು ಒಂದೇ ಸಲಕ್ಕೆ ರಿಂಗ್ ಆಗಬೇಕು.

ನಿನ್ನ
ಅಮ್ಮ